ಕಡಿದ ಎಳೆ: ಎಳೆಯರ ಅವಧಾನವೂ ಶಾಲೆಯ ಒತ್ತಡವೂ



ನಮ್ಮ ಸೀಮೆಯ ಆಡುಮಾತಿನಲ್ಲಿ ಎರಡು ಶಬ್ದಗಳಿವೆ. ಮಕ್ಕಳ ವಿದ್ಯೆಯನ್ನು ಕುರಿತು ಯಾರು ಯಾವಾಗ ಮಾತಿಗೆ ತೊಡಗಿದರೂ ಆ ಎರಡು ಶಬ್ದಗಳು ಬಾರದೆ ಇರಲಾರವು. ಒಂದು 'ಲಕ್ಷ್ಯ', ಇನ್ನೊಂದು 'ಅಭ್ಯಾಸ'. ಜಮಖಂಡಿಯ ಪೇಟೆಯಲ್ಲಿಯೇ ಆಗಲಿ, ಮುಧೋಳದ ಕಬ್ಬಿನ ಹೊಲದ ಬದುವಿನ ಮೇಲೆಯೇ ಆಗಲಿ, ಬೀಳಗಿ ತಾಲೂಕಿನ ಪುನರ್ವಸತಿ ಕೇಂದ್ರದ ಕಟ್ಟೆಯ ಮೇಲೆಯೇ ಆಗಲಿ, ರಬಕವಿ-ಬನಹಟ್ಟಿಯ ಮಗ್ಗದ ಮನೆಯಲ್ಲಿಯೇ ಆಗಲಿ, ತಾಯಿಯೊಬ್ಬಳು ಶಾಲೆಯ ಗುರುಗಳೆದುರಿಗೆ ಸೆರಗು ಸರಿಪಡಿಸಿಕೊಂಡು ನಿಂತು ಹೇಳುವ ಮಾತು ಒಂದೇ: "ಹುಡುಗ ಶಾಣ್ಯಾ ಅದಾನ್ರೀ, ಆದ್ರ ಅಭ್ಯಾಸದ ಕಡೆ ಲಕ್ಷ್ಯನ ಇಲ್ಲ ನೋಡ್ರಿ." ಗುರುಗಳ ಬಾಯಿಂದ ಬರುವ ಉತ್ತರವೂ ಬಹುಮಟ್ಟಿಗೆ ಅದೇ ದೂರಿನ ಪ್ರತಿಧ್ವನಿಯಾಗಿರುತ್ತದೆ. ಇವರಿಬ್ಬರ ನಡುವೆ ತಲೆ ತಗ್ಗಿಸಿ ನಿಂತ ಏಳು ವರ್ಷದ ಜೀವಕ್ಕೆ, ತನ್ನಲ್ಲಿ ಇರಬೇಕಾಗಿದ್ದ ಯಾವುದೋ ಒಂದು ವಸ್ತು ತನ್ನಲ್ಲಿಲ್ಲವೆಂಬುದಷ್ಟೇ ತಿಳಿಯುತ್ತದೆ. ಆ ವಸ್ತು ಯಾವುದು, ಅದು ಎಲ್ಲಿ ದೊರೆಯುತ್ತದೆ ಎಂಬುದನ್ನು ಅದಕ್ಕೆ ಯಾರೂ ಹೇಳುವುದಿಲ್ಲ.

ಆ ದೂರನ್ನು ಹಗುರಾಗಿ ತಳ್ಳಿಹಾಕುವ ಉದ್ದೇಶ ನನಗಿಲ್ಲ. ಅದರ ಹಿಂದೆ ಇರುವುದು ಮಮತೆ ಹಾಗೂ ಭಯ. ಆದರೆ ಲಕ್ಷ್ಯವೆಂಬುದು ಮಗು ನಮಗೆ ಸಲ್ಲಿಸಬೇಕಾದ ಋಣವೆಂದೂ, ಅದು ಸಲ್ಲದಿದ್ದರೆ ಮಗು ಅಪರಾಧಿಯೆಂದೂ ಒಂದು ಭಾವನೆ ಆ ಮಾತಿನೊಳಗೆ ಅಡಗಿ ಕುಳಿತಿದೆ. ಈ ಭಾವನೆಯನ್ನೇ ಈ ಉಪನ್ಯಾಸದಲ್ಲಿ ಪರೀಕ್ಷೆಗೆ ಒಡ್ಡಬೇಕೆಂದಿದ್ದೇನೆ. ಅವಧಾನವು ಎಳೆಯ ದೇಹದಲ್ಲಿ ಮೂಳೆ ಬಲಿಯುವಂತೆ ನಿಧಾನವಾಗಿ ಬಲಿಯುವ ಶಕ್ತಿಯೆಂದೂ, ಅದು ಬಲಿಯುವುದಕ್ಕೆ ಬೇಕಾದ ಅನುಕೂಲಗಳಲ್ಲಿ ಹೆಚ್ಚಿನವು ಮಗುವಿನ ಕೈಯಲ್ಲಿಲ್ಲದೆ ನಮ್ಮ ಕೈಯಲ್ಲಿವೆಯೆಂದೂ ನನ್ನ ನಂಬಿಕೆ.

ಮೊದಲಿಗೆ ಶಬ್ದಗಳ ಅರ್ಥವನ್ನೇ ನೋಡೋಣ. ಕರ್ನಾಟಕದ ಬೇರೆ ಭಾಗಗಳಲ್ಲಿ 'ಅಭ್ಯಾಸ' ಎಂದರೆ ರೂಢಿ, ಚಾಳಿ, ಪುನರಾವರ್ತನೆ ಎಂಬ ಅರ್ಥವೇ ಮುಂದಾಗಿ ತೋರುತ್ತದೆ. ನಮ್ಮಲ್ಲಿಯಾದರೋ ಅಭ್ಯಾಸವೆಂದರೆ ಓದೇ ಆಗಿದೆ. ಶಾಲೆಯಲ್ಲಿ ಮಾಡುವುದೂ ಅಭ್ಯಾಸ, ಮನೆಗೆ ಹೊತ್ತು ತರುವುದೂ ಅಭ್ಯಾಸ. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನು, ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಠಿಣವೆಂದು ತನ್ನ ಅಳಲನ್ನು ತೋಡಿಕೊಂಡಾಗ, ಅವನಿಗೆ ದೊರೆಯುವ ಉತ್ತರದಲ್ಲಿ ಈ ಅಭ್ಯಾಸವೆಂಬ ಶಬ್ದವೇ ಬರುತ್ತದೆ. ಚಂಚಲವಾದ ಮನಸ್ಸು ಯಾವ ಯಾವ ಕಡೆಗೆ ಹರಿದುಹೋಗುವುದೋ ಆಯಾ ಕಡೆಯಿಂದ ಅದನ್ನು ತಿರುಗಿ ಕರೆತರಬೇಕೆಂಬ ಉಪದೇಶವೂ ಅದೇ ಅಧ್ಯಾಯದಲ್ಲಿದೆ. ಮನಸ್ಸು ಹರಿಯಲೇಬಾರದೆಂದು ಅಲ್ಲಿ ವಿಧಿಸಿಲ್ಲವೆಂಬುದನ್ನು ದಯವಿಟ್ಟು ಗಮನಿಸಬೇಕು. ಹರಿಯುವುದನ್ನು ಸಹಜವೆಂದು ಒಪ್ಪಿಕೊಂಡೇ, ಕರೆತರುವುದನ್ನು ಸಾಧನೆಯೆಂದು ಹೇಳಿದೆ. ಯುದ್ಧಭೂಮಿಯಲ್ಲಿ ನಿಂತ ಪ್ರೌಢ ವೀರನಿಗೆ ಅನ್ವಯಿಸುವ ಈ ಉದಾರ ನಿಯಮವನ್ನು ಎರಡನೆಯ ಇಯತ್ತೆಯ ಹುಡುಗನಿಗೆ ನಾವು ಅನ್ವಯಿಸಲಾರೆವೆಂಬುದು ಎಷ್ಟು ಸೋಜಿಗದ ಸಂಗತಿ!

ಇದೇ ಮಾತನ್ನು ಅಮೇರಿಕೆಯ ಮನಶ್ಶಾಸ್ತ್ರಜ್ಞ ವಿಲಿಯಮ್ ಜೇಮ್ಸ್ 1890ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ಬೇರೊಂದು ದಾರಿಯಿಂದ ಬಂದು ಹೇಳಿದ್ದಾನೆ. ಪ್ರಯತ್ನದಿಂದ ಇರಿಸಿಕೊಳ್ಳುವ ಲಕ್ಷ್ಯವು ಒಂದೇ ಉಸಿರಿಗೆ ಕೆಲವು ಕ್ಷಣಗಳಿಗಿಂತ ಹೆಚ್ಚು ಬಾಳುವುದಿಲ್ಲವೆಂದೂ, ದೀರ್ಘಾವಧಾನವೆಂದು ನಮಗೆ ತೋರುವುದು ಜಾರಿದ ಮನಸ್ಸನ್ನು ಮತ್ತೆ ಮತ್ತೆ ವಿಷಯಕ್ಕೆ ತರುವ ಪುನಃಪ್ರಯತ್ನಗಳ ಸಾಲೆಂದೂ, ಹೀಗೆ ಮರಳಿ ತರುವ ಸಾಮರ್ಥ್ಯವೇ ವಿವೇಕಕ್ಕೂ ಶೀಲಕ್ಕೂ ಇಚ್ಛಾಶಕ್ತಿಗೂ ಮೂಲವೆಂದೂ ಅವನ ಅಭಿಪ್ರಾಯ. ಜಮಖಂಡಿಯಲ್ಲಿ 1886ರಲ್ಲಿ ಜನಿಸಿ, ಇಲ್ಲಿಯ ಪರಶುರಾಮಭಾವು ಹಾಯಸ್ಕೂಲಿನಲ್ಲಿಯೇ ಓದಿ, ಮುಂದೆ ಅಲಾಹಾಬಾದ್ ವಿಶ್ವವಿದ್ಯಾಲಯದ ಕುಲಪತಿಪೀಠದವರೆಗೆ ಏರಿದ ಗುರುದೇವ ರಾನಡೆಯವರು ತಮ್ಮ ಜೀವಮಾನವನ್ನೆಲ್ಲ ಸಲ್ಲಿಸಿದ ನಾಮಸ್ಮರಣೆಯ ಸಾಧನೆಯಾದರೂ ಇನ್ನೇನು? ಪ್ರತಿದಿನ ನಿಯತ ವೇಳೆಯಲ್ಲಿ ಕುಳಿತು ಮನಸ್ಸನ್ನು ಒಂದು ನಾಮಕ್ಕೆ ಮರಳಿ ಮರಳಿ ತರುವುದೇ ಆ ಸಾಧನೆಯ ಕ್ರಮ. ಹೀಗೆ ಪೂರ್ವದ ಸಾಧಕರೂ ಪಶ್ಚಿಮದ ಪ್ರಯೋಗಶೀಲರೂ ಒಂದೇ ಬಿಂದುವಿನಲ್ಲಿ ಕೂಡುತ್ತಾರೆ. ಏಕಾಗ್ರತೆಯ ಮರ್ಮವಿರುವುದು ಮರಳುವುದರಲ್ಲಿ.

ರಬಕವಿ-ಬನಹಟ್ಟಿಯ ಸಭಿಕರಿಗೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವೇ ಇಲ್ಲ. ನೂಲು ಕಡಿಯದ ಮಗ್ಗ ಈ ಲೋಕದಲ್ಲಿಲ್ಲ. ಹಾಸಿನಲ್ಲಿ ಒಂದು ಎಳೆ ಕಡಿದೊಡನೆ ನೇಕಾರನು ಮಗ್ಗವನ್ನು ನಿಲ್ಲಿಸುತ್ತಾನೆ. ಸಾವಿರಾರು ಎಳೆಗಳ ನಡುವೆ ಕಡಿದ ಆ ಒಂದು ತುದಿಯನ್ನು ಬೆರಳಿನಿಂದಲೇ ಅರಸಿ ಹಿಡಿದು, ತುಂಡು ನೂಲೊಂದನ್ನು ಕೂಡಿಸಿ ಗಂಟಿಕ್ಕಿ, ಹಣಿಗೆಯಲ್ಲಿ ಅದರ ಸ್ಥಾನಕ್ಕೇ ಅದನ್ನು ಸೇರಿಸಿ, ಮತ್ತೆ ಲಾಳಿಯನ್ನು ಓಡಿಸುತ್ತಾನೆ. ಎಳೆ ಕಡಿಯಿತೆಂದು ಅವನು ಹಾಸನ್ನು ಬಡಿಯುವುದಿಲ್ಲ. ಬಡಿದರೆ ಇನ್ನೂ ಹತ್ತು ಎಳೆಗಳು ಕಡಿಯುವುವೆಂಬುದನ್ನು ಅವನ ಕೈ ಬಲ್ಲದು. ಎಳೆಗಳು ಪದೇಪದೇ ಕಡಿಯುತ್ತಿದ್ದರಂತೂ ಅವನು ಗಂಜಿಯನ್ನು ನೋಡುತ್ತಾನೆ, ಹವೆಯ ಒಣಕಲನ್ನು ನೋಡುತ್ತಾನೆ, ಬಿಗಿತ ಹೆಚ್ಚಾಯಿತೇ ಎಂದು ನೋಡುತ್ತಾನೆ. ಮಗುವಿನ ಮನಸ್ಸಿನ ವಿಷಯದಲ್ಲಿ ನಾವು ಅನುಸರಿಸಬೇಕಾದ ವಿಚಾರಕ್ರಮವೆಲ್ಲವೂ ಈ ಕೈಗೆಲಸದಲ್ಲಿ ಅಡಗಿದೆಯೆಂದೇ ನಾನು ತಿಳಿದಿದ್ದೇನೆ. ಗಂಜಿ, ಹವೆ, ಬಿಗಿತ ಈ ಮೂರನ್ನೂ ಮುಂದೆ ವಿಚಾರಿಸುವವನಿದ್ದೇನೆ.

ಆದರೆ ಅದಕ್ಕೂ ಮುಂಚೆ, ಮಗುವಿನಲ್ಲಿ ಲಕ್ಷ್ಯವೇ ಇಲ್ಲವೆಂಬ ಮಾತು ನಿಜವೇ ಎಂಬುದನ್ನು ನೋಡಬೇಕಷ್ಟೆ. ಮಣ್ಣೆತ್ತಿನ ಅಮಾವಾಸ್ಯೆಯ ದಿನ ನಮ್ಮ ಯಾವುದೇ ಊರಿನ ಯಾವುದೇ ಓಣಿಯಲ್ಲಿ ನಡೆದು ನೋಡಿರಿ. ಕೆರೆಯ ಅಥವಾ ಹೊಲದ ಅರಲನ್ನು ತಂದು ಹದವಾಗಿ ನಾದಿ, ಎತ್ತಿನ ಹಿಣಿಲನ್ನು ಎಬ್ಬಿಸಿ, ಕೋಡುಗಳನ್ನು ಸಮಮಾಡಿ, ಜೋಳದ ಕಾಳನ್ನೋ ಗುಲಗಂಜಿಯನ್ನೋ ಕಣ್ಣಾಗಿ ಒತ್ತುತ್ತ ಕುಳಿತ ಹುಡುಗನಿಗೆ ಊಟಕ್ಕೆ ಕರೆದ ಅವ್ವನ ದನಿ ಮೂರನೆಯ ಸಲವೂ ಕೇಳಿಸುವುದಿಲ್ಲ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡುವ ಹುಡುಗಿಯರ ಬೆರಳುಗಳಲ್ಲಿ ಇರುವ ತಾಳ್ಮೆಯನ್ನು ಕಂಡವರು, ಈ ಮಕ್ಕಳೇ ನಿನ್ನೆ ಶಾಲೆಯಲ್ಲಿ ಅರ್ಧ ಪಾಟಿಯನ್ನೂ ಬರೆಯಲಾರದೆ ಹೋದವರೆಂದರೆ ನಂಬಲಾರರು. ಅದೇ ಮಗು, ಅದೇ ಕಣ್ಣು, ಅದೇ ಕೈ. ಅಲ್ಲಿ ಕಾರ್ಯವು ಮಗುವಿನ ಅಳತೆಗೆ ತಕ್ಕುದಾಗಿದೆ. ಕೈಗೂ ಮನಸ್ಸಿಗೂ ಕೂಡಿಯೇ ಕೆಲಸವಿದೆ. ತಪ್ಪಾದರೆ ಮಣ್ಣನ್ನು ಮತ್ತೆ ಉಂಡೆ ಮಾಡುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ನೆರೆಮನೆಯವನ ಎತ್ತಿಗೆ ಎಷ್ಟು ಅಂಕ ಬಂತೆಂದು ಕೇಳುವವರೂ ಇಲ್ಲ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ, 1907ರಲ್ಲಿ, ರೋಮ್ ನಗರದ ಕೂಲಿಕಾರರ ಕೇರಿಯೊಂದರಲ್ಲಿ ಶಿಶುಗೃಹವನ್ನು ತೆರೆದ ವೈದ್ಯೆ ಮಾರಿಯಾ ಮಾಂಟೆಸ್ಸರಿಯವರನ್ನು ಬೆರಗುಗೊಳಿಸಿದ್ದು ಇಂಥದೇ ಒಂದು ನೋಟ. ಸುಮಾರು ಮೂರು ವರ್ಷದ ಬಾಲಿಕೆಯೊಬ್ಬಳು ಮರದ ಉರುಳೆಗಳನ್ನು ಅವುಗಳ ಅಳತೆಯ ಕುಳಿಗಳಿಂದ ತೆಗೆದು ಮತ್ತೆ ಕೂಡಿಸುವ ಕೆಲಸವನ್ನು 40ಕ್ಕೂ ಹೆಚ್ಚು ಸಲ ಮಾಡಿದಳು. ಸುತ್ತಲೂ ಮಕ್ಕಳು ಹಾಡಿದರೂ, ಅವಳು ಕುಳಿತ ಕುರ್ಚಿಯನ್ನೇ ಎತ್ತಿ ಇರಿಸಿದರೂ ಅವಳ ಗಮನ ಕದಲಲಿಲ್ಲ. ಬಡವರ ಮಕ್ಕಳಲ್ಲಿ ಇದನ್ನು ಕಂಡುದರಿಂದಲೇ ಅವರ ಶಿಕ್ಷಣವಿಚಾರದ ದಿಕ್ಕು ಬದಲಾಯಿತು. ಗುಜರಾತದ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ಆರಂಭಿಸಿದ ಗಿಜುಭಾಯಿ ಬಧೇಕಾ ಅವರು ವಕೀಲಿಯನ್ನು ತೊರೆದು ಮಕ್ಕಳ ನಡುವೆ ಕುಳಿತು ಕಂಡುಕೊಂಡದ್ದೂ ಇದನ್ನೇ. ನಮ್ಮ ರಾಜ್ಯದಲ್ಲಿಯೂ 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಮೊಳೆತು, 2009-10ರಿಂದ ಸರಕಾರಿ ಶಾಲೆಗಳಿಗೆ ವ್ಯಾಪಿಸಿದ ನಲಿಕಲಿ ಪದ್ಧತಿಯ ತಿರುಳೂ ಮಗು ತನ್ನ ವೇಗದಲ್ಲಿ, ತನ್ನ ಮೆಟ್ಟಿಲಿನಿಂದ ಕಲಿಯಬೇಕೆಂಬುದೇ ಆಗಿದೆ. ಅದರ ಆಚರಣೆಯಲ್ಲಿ ಕೊರತೆಗಳುಂಟು. ಮೂರು ತರಗತಿಗಳ ಮಕ್ಕಳನ್ನು ಒಬ್ಬರೇ ಅಕ್ಕೋರಿಗೆ ಒಪ್ಪಿಸಿ ಎಲ್ಲರ ಮೆಟ್ಟಿಲನ್ನೂ ನೋಡಿಕೊಳ್ಳಿರೆಂದರೆ ಯಾವ ಪದ್ಧತಿಯೂ ಸೋಲುತ್ತದೆ. ತತ್ತ್ವ ಮಾತ್ರ ಸರಿಯಾಗಿದೆ.

ಇನ್ನು ಗಂಜಿಯ ವಿಷಯ. ಗಂಜಿ ಹಾಕದ ನೂಲು ಮಗ್ಗದ ಹೊಡೆತಕ್ಕೆ ತಾಳದು. ಅನ್ನವೂ ನಿದ್ರೆಯೂ ಇಲ್ಲದ ದೇಹದಲ್ಲಿ ಲಕ್ಷ್ಯವು ನಿಲ್ಲದು. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ 2002ರಲ್ಲಿ ಮೊದಲುಗೊಂಡ ಅಕ್ಷರ ದಾಸೋಹವನ್ನೂ, 2013ರಲ್ಲಿ ಅದಕ್ಕೆ ಕೂಡಿಕೊಂಡ ಕ್ಷೀರಭಾಗ್ಯವನ್ನೂ ಜನರು ಹಸಿವನ್ನು ನೀಗುವ ಯೋಜನೆಗಳೆಂದು ಮಾತ್ರ ಎಣಿಸುತ್ತಾರೆ. ನಾನು ಅವನ್ನು ಅವಧಾನದ ಯೋಜನೆಗಳೆಂದೂ ಕರೆಯಲು ಹಿಂಜರಿಯುವುದಿಲ್ಲ. ಆದರೆ ನಿದ್ರೆಗೆ ಯಾವ ಸರಕಾರವೂ ದಾಸೋಹವನ್ನು ಏರ್ಪಡಿಸಲಾರದು. ಆರರಿಂದ ಹನ್ನೆರಡು ವರ್ಷದ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆಗಳ ನಿದ್ರೆ ಬೇಕೆಂಬುದು ನಿದ್ರಾವೈದ್ಯರ ಸಾಮಾನ್ಯ ನಿರ್ಣಯ. ರಾತ್ರಿ ಹನ್ನೊಂದರವರೆಗೆ ಮೊಬೈಲಿನ ಬೆಳಕಿನಲ್ಲಿ ಎಚ್ಚರವಿದ್ದು, ನಸುಕಿನ ಐದಕ್ಕೆ ಟ್ಯೂಷನ್ನಿಗೆಂದು ಎಬ್ಬಿಸಲ್ಪಡುವ ಮಗುವಿಗೆ ದೊರೆಯುವುದು ಆರು ಗಂಟೆ. ಉಳಿದ ಮೂರು ಗಂಟೆಗಳ ಬಾಕಿಯನ್ನು ಅದು ತರಗತಿಯಲ್ಲಿ ಕಣ್ಣು ತೆರೆದೇ ತೀರಿಸಿಕೊಳ್ಳುತ್ತದೆ. ಕರಿಹಲಗೆ ಮಸುಕಾಗಿ ಕಾಣುವುದನ್ನು, ಒಂದು ಕಿವಿಯಲ್ಲಿ ಸೋರಿಕೆಯಿಂದಾಗಿ ಮಾತು ಮಂದವಾಗಿ ಕೇಳುವುದನ್ನು, ರಕ್ತಹೀನತೆಯಿಂದ ಬರುವ ದಣಿವನ್ನು ಮಗು ತಾನಾಗಿ ಹೇಳಲಾರದು. ಎಲ್ಲರಿಗೂ ಹಾಗೆಯೇ ಕಾಣುತ್ತದೆ, ಹಾಗೆಯೇ ಕೇಳುತ್ತದೆ ಎಂದೇ ಅದರ ತಿಳಿವಳಿಕೆ. 2013ರಿಂದ ನಡೆದುಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡವು ಶಾಲೆಗೆ ಬಂದ ದಿನ ಮಗುವನ್ನು ತಪ್ಪದೆ ಕಳುಹಿಸಿಕೊಟ್ಟು, ಅವರು ಬರೆದುಕೊಟ್ಟ ಚೀಟಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಮರೆಯದಿದ್ದರೆ, ಲಕ್ಷ್ಯವಿಲ್ಲವೆಂಬ ಎಷ್ಟೋ ದೂರುಗಳು ಒಂದು ಜೊತೆ ಕನ್ನಡಕದಿಂದಲೇ ಪರಿಹಾರವಾಗುವಂಥವು.

ಹವೆಯೆಂದು ನಾನು ಕರೆದದ್ದು ಮಗುವಿನ ಸುತ್ತಲಿನ ವಾತಾವರಣವನ್ನು. ನ್ಯೂಯಾರ್ಕ್ ನಗರದಲ್ಲಿ ಎತ್ತರದ ರೈಲುಹಾದಿಯ ಪಕ್ಕದಲ್ಲಿ ಒಂದು ಶಾಲೆಯಿತ್ತು. ಅದರ ಒಂದು ಮಗ್ಗುಲಿನ ಕೋಣೆಗಳು ರೈಲಿನ ಕಡೆಗೂ ಇನ್ನೊಂದು ಮಗ್ಗುಲಿನವು ಶಾಂತವಾದ ಕಡೆಗೂ ಮುಖ ಮಾಡಿದ್ದವು. 1975ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಸದ್ದಿನ ಮಗ್ಗುಲಿನಲ್ಲಿ ಓದಿದ ಮಕ್ಕಳು ಆರನೆಯ ತರಗತಿಯ ವೇಳೆಗೆ ಓದುವುದರಲ್ಲಿ ಉಳಿದವರಿಗಿಂತ ಸುಮಾರು ಒಂದು ವರ್ಷದಷ್ಟು ಹಿಂದೆ ಬಿದ್ದಿದ್ದುದನ್ನು ತೋರಿಸಿಕೊಟ್ಟಿತು. ಮುಂದೆ ಹಳಿಗಳಿಗೆ ರಬ್ಬರಿನ ಮೆತ್ತೆಗಳನ್ನೂ ಕೋಣೆಗಳಿಗೆ ಸದ್ದನ್ನು ಹೀರುವ ಮಾಳಿಗೆಯನ್ನೂ ಹಾಕಿದ ಮೇಲೆ ಆ ಅಂತರವು ಮಾಯವಾಯಿತು. ಮಕ್ಕಳು ಬದಲಾಗಿರಲಿಲ್ಲ, ಗುರುಗಳ ಶಿಸ್ತು ಹೆಚ್ಚಿರಲಿಲ್ಲ, ಸದ್ದು ಕಡಮೆಯಾಗಿತ್ತು, ಅಷ್ಟೆ.

ಈ ಸಂಗತಿಯನ್ನು ಓದಿದಾಗಲೆಲ್ಲ ನನ್ನ ಕಣ್ಣಮುಂದೆ ಬರುವುದು ನಮ್ಮ ನೇಕಾರರ ಓಣಿಗಳು. ಕೈಮಗ್ಗದ ಸದ್ದಿನಲ್ಲಿ ಒಂದು ಲಯವಿತ್ತು, ನಡುನಡುವೆ ಬಿಡುವೂ ಇತ್ತು. ವಿದ್ಯುತ್ ಮಗ್ಗಕ್ಕೆ ಬಿಡುವೆಂಬುದಿಲ್ಲ. ಅನೇಕ ಮನೆಗಳಲ್ಲಿ ಮಗ್ಗಗಳಿಗೂ ಮಕ್ಕಳ ಪುಸ್ತಕಗಳಿಗೂ ನಡುವೆ ಇರುವುದು ಒಂದೇ ಗೋಡೆ. ಎಷ್ಟೋ ಮನೆಗಳಲ್ಲಿ ಅದೂ ಇಲ್ಲ. ಆ ಸದ್ದಿನಲ್ಲಿ ಹುಟ್ಟಿ ಬೆಳೆದ ಮಗು ಅದನ್ನು ಕೇಳಿಸಿಕೊಳ್ಳದಿರುವುದನ್ನು ಕಲಿತುಕೊಳ್ಳುತ್ತದೆ. ಆದರೆ ಸದ್ದನ್ನು ಕೇಳಿಸಿಕೊಳ್ಳದಿರುವುದಕ್ಕೆ ಕಲಿತ ಕಿವಿ, ಮಾತನ್ನೂ ಕೇಳಿಸಿಕೊಳ್ಳದಿರುವುದಕ್ಕೆ ಕಲಿತಿರುತ್ತದೆ. ಶಾಲೆಯಲ್ಲಿ ಗುರುಗಳ ಮಾತು ಅದರ ಕಿವಿಯ ಮೇಲಿಂದ ಹಾದುಹೋದರೆ ಅದನ್ನು ಉದಾಸೀನವೆಂದು ಬಗೆಯುವುದು ಸರಿಯಲ್ಲ. ಮಗ್ಗವು ಅನ್ನ ಕೊಡುವ ದೇವತೆ. ಅದನ್ನು ದೂಷಿಸುವುದಕ್ಕೆ ನಾನು ಬಂದಿಲ್ಲ. ಆದರೂ ಈ ಪ್ರಶ್ನೆಯನ್ನು ಹೀಗೆಯೇ ಬಿಟ್ಟುಬಿಡುವಂತಿಲ್ಲವಾದ್ದರಿಂದ ಕೊನೆಗೆ ಇದಕ್ಕೆ ತಿರುಗಿ ಬರುತ್ತೇನೆ.

ವಾತಾವರಣದಲ್ಲಿ ಸದ್ದಿಗಿಂತಲೂ ಆಳವಾದದ್ದು ನೆಲೆಯ ಭದ್ರತೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬೀಳಗಿ ತಾಲೂಕಿನ ಎಷ್ಟು ಹಳ್ಳಿಗಳ ಮನೆಯನ್ನೂ ಗುಡಿಯನ್ನೂ ಹೊಲವನ್ನೂ ಒಳಗೊಂಡಿತೆಂಬುದು ನಿಮಗೆ ತಿಳಿದದ್ದೇ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ, ಘಟಪ್ರಭೆಗಳು ದಂಡೆ ಮೀರಿ ಬಂದಾಗ ಮುಧೋಳ, ಜಮಖಂಡಿಯ ತೀರದ ಊರುಗಳ ಮಕ್ಕಳು ಶಾಲೆಯ ಕೋಣೆಗಳಲ್ಲಿಯೇ ಸಂಸಾರಗಳೊಡನೆ ಮಲಗಿದರು. ಮನೆಯ ಗೋಡೆ ಕುಸಿದುದನ್ನು ಕಂಡ ಮಗುವಿಗೆ ಮಾರನೆಯ ತಿಂಗಳು ಗುಣಾಕಾರದ ಮಗ್ಗಿಯು ಬಾಯಿಗೆ ಹತ್ತದಿದ್ದರೆ, ಅದರ ಮನಸ್ಸು ಆ ಹೊತ್ತು ಹೆಚ್ಚು ಮಹತ್ತ್ವದ ಕೆಲಸವೊಂದರಲ್ಲಿ ತೊಡಗಿತ್ತೆಂದು ತಿಳಿಯಬೇಕು: ಮಳೆಯ ಸದ್ದನ್ನು ಅದು ಕಾಯುತ್ತಿತ್ತು. ಭಯವೂ ಒಂದು ಬಗೆಯ ಅವಧಾನವೇ. ಅದು ಮಿಕ್ಕ ಎಲ್ಲ ಅವಧಾನಗಳನ್ನೂ ನುಂಗಿಬಿಡುತ್ತದೆ.

ಇಲ್ಲಿಂದ ನಾನು ಬಿಗಿತದ ವಿಷಯಕ್ಕೆ ಬರುತ್ತೇನೆ. ನೆರೆಯು ತರುವ ಭಯ ದೈವಾಧೀನವಾದದ್ದು. ನಾವೇ ತಯಾರಿಸಿ ಮಕ್ಕಳಿಗೆ ಉಣಬಡಿಸುವ ಭಯವೂ ಒಂದುಂಟು. ನಮ್ಮ ನಾಲ್ಕೂ ತಾಲೂಕುಗಳ ಗೋಡೆಗಳ ಮೇಲೆ ಇಂದು ಓದಲು ದೊರೆಯುವ ಅಕ್ಷರಗಳು ಯಾವುವು? ನವೋದಯ, ಸೈನಿಕ, ಕಿತ್ತೂರು, ಮೊರಾರ್ಜಿ ವಸತಿ ಶಾಲೆಗಳ ತರಬೇತಿಯ ಜಾಹೀರಾತುಗಳು. ಈ ಶಾಲೆಗಳು ಗೌರವಕ್ಕೆ ಪಾತ್ರವಾದವು. ವಿಜಯಪುರದ ಸೈನಿಕ ಶಾಲೆ 1963ರಿಂದಲೂ, ಕಿತ್ತೂರಿನ ಬಾಲಿಕೆಯರ ಶಾಲೆ 1969ರಿಂದಲೂ ಈ ಭಾಗದ ಮಕ್ಕಳಿಗೆ ದಾರಿ ತೋರಿವೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಹುಟ್ಟಿದ ನವೋದಯ ವಿದ್ಯಾಲಯಗಳಲ್ಲಿ ನೂರಕ್ಕೆ 75ರಷ್ಟು ಸ್ಥಾನಗಳು ಗ್ರಾಮೀಣ ಮಕ್ಕಳಿಗಾಗಿಯೇ ಇವೆ. ಮಳೆಯನ್ನು ನಂಬಲಾರದ, ಕಬ್ಬಿನ ಬಿಲ್ಲು ಯಾವಾಗ ಬಂದೀತೆಂದು ಹೇಳಲಾರದ, ಮಗ್ಗದ ಭವಿಷ್ಯವನ್ನು ಕಂಡು ಅಂಜಿದ ತಂದೆಯು ತನ್ನ ಮಗನಿಗೋ ಮಗಳಿಗೋ ಅಂಥ ಶಾಲೆಯ ಬಾಗಿಲು ತೆರೆಯಲಿ ಎಂದು ಬಯಸುವುದು ಮಾನವಸಹಜವಾದ, ಪೂಜ್ಯವೇ ಆದ ಆಸೆ. ನನ್ನ ಆಕ್ಷೇಪವೇನಿದ್ದರೂ ಆ ಬಾಗಿಲ ಮುಂದೆ ಬೆಳೆದು ನಿಂತ ತರಬೇತಿಯ ವ್ಯವಸ್ಥೆಯನ್ನು ಕುರಿತದ್ದು.

ನವೋದಯದ ಆಯ್ಕೆಯ ಪರೀಕ್ಷೆಯಲ್ಲಿ 80 ಪ್ರಶ್ನೆಗಳು, 2 ಗಂಟೆಯ ಅವಧಿ; ಒಂದೊಂದಕ್ಕೆ ದೊರೆಯುವುದು 90 ಸೆಕೆಂಡು. ಒಂದು ವಿದ್ಯಾಲಯದಲ್ಲಿ ಆರನೆಯ ತರಗತಿಗೆ ಸೇರುವವರು ಹೆಚ್ಚೆಂದರೆ 80 ಮಂದಿ. ಈ ಪರೀಕ್ಷೆಗಾಗಿ ಎಂಟು ಒಂಬತ್ತು ವರ್ಷದ ಮಕ್ಕಳು ತಾಯಿಯ ಮಡಿಲಿನಿಂದ ದೂರವಾಗಿ ವಸತಿ ತರಬೇತಿಯಲ್ಲಿದ್ದು, ನಸುಕಿನಿಂದ ರಾತ್ರಿಯವರೆಗೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುತ್ತಾರೆ. ಇಲ್ಲಿ ಬೆಳೆಯುವುದು ಎಂಥ ಅವಧಾನ? ಒಂದನ್ನು ನೋಡು, ಗುರುತು ಮಾಡು, ಬಿಡು, ಮುಂದಿನದಕ್ಕೆ ಹಾರು. ಮಣ್ಣಿನ ಎತ್ತಿನ ಮುಂದೆ ಕುಳಿತ ಹುಡುಗನಲ್ಲಿದ್ದದ್ದು ಇದಕ್ಕೆ ಪೂರ್ಣ ವಿರುದ್ಧವಾದದ್ದು. ಹತ್ತು ವರ್ಷದೊಳಗೆ ಹಾರುವ ಲಕ್ಷ್ಯವನ್ನು ರೂಢಿಸಿ, ಹದಿನೈದನೆಯ ವಯಸ್ಸಿನಲ್ಲಿ ನಿಲ್ಲುವ ಲಕ್ಷ್ಯವನ್ನು ಬೇಡುವುದು ನ್ಯಾಯವೇ? ಇನ್ನು ಆಯ್ಕೆಯಾಗದೆ ಮರಳಿದ ಮಗು, ಅಂದರೆ ಪರೀಕ್ಷೆಗೆ ಕುಳಿತ ಬಹುಪಾಲು ಮಕ್ಕಳಲ್ಲಿ ಒಂದು, ಐದನೆಯ ಇಯತ್ತೆ ಮುಗಿಯುವ ಮುನ್ನವೇ 'ನಾನು ನಪಾಸು' ಎಂಬ ಮುದ್ರೆಯನ್ನು ಎದೆಯ ಮೇಲೆ ಹೊತ್ತು ಊರಿಗೆ ಬರುತ್ತದೆ. ಆ ಮುದ್ರೆಯನ್ನು ಅಳಿಸಲು ಮುಂದಿನ ಎಷ್ಟು ವರ್ಷಗಳ ವಾತ್ಸಲ್ಯ ಬೇಕಾಗುವುದೆಂಬುದನ್ನು ತಾಯಂದಿರು ಬಲ್ಲರು.

ಮುಧೋಳದ ಜನರು ತಮ್ಮ ಊರಿನ ಕವಿಚಕ್ರವರ್ತಿ ರನ್ನನನ್ನು ಅಭಿಮಾನದಿಂದ ನೆನೆಯುತ್ತಾರೆ. ಬಳೆಗಾರರ ಕುಲದಲ್ಲಿ 949ರಲ್ಲಿ ಹುಟ್ಟಿದ ಆತನು ವಿದ್ಯೆಯನ್ನು ಅರಸಿ ತೆಂಕಣದ ಗಂಗರ ನಾಡಿಗೆ ಹೋದನು. ಅಲ್ಲಿ ಅಜಿತಸೇನಾಚಾರ್ಯರೆಂಬ ಗುರು ದೊರೆತರು, ಚಾವುಂಡರಾಯನ ಆಶ್ರಯ ದೊರೆಯಿತು. ಅಜಿತಪುರಾಣವನ್ನು ಆತನು ಮುಗಿಸಿದ್ದು 993ರಲ್ಲಿ. ಹುಟ್ಟಿನಿಂದ ಆ ಕೃತಿಯವರೆಗೆ 44 ವರ್ಷಗಳು. ಆತನಿಗೆ ದೊರೆತದ್ದು ಗುರು, ಆಶ್ರಯ ಹಾಗೂ ಕಾಲಾವಕಾಶ. ಈ ಮೂರರಲ್ಲಿ ಕೊನೆಯದನ್ನು ನಾವು ನಮ್ಮ ಮಕ್ಕಳಿಂದ ಕಿತ್ತುಕೊಳ್ಳುತ್ತಿದ್ದೇವೆ.

ರಾಷ್ಟ್ರವು ಈ ವಿಷಯದಲ್ಲಿ ನಿದ್ರಿಸಿದೆಯೆಂದು ಹೇಳಲಾಗದು. ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರು ರಾಜ್ಯಸಭೆಯ ಸದಸ್ಯರಾಗಿದ್ದಾಗ ಮಕ್ಕಳ ಬೆನ್ನಿನ ದಫ್ತರದ ಭಾರವನ್ನು ಕುರಿತು ಮರುಗಿ ಮಾತನಾಡಿದರು. ತರುವಾಯ ಪ್ರೊಫೆಸರ್ ಯಶಪಾಲರ ಸಮಿತಿಯು 1993ರಲ್ಲಿ ಸಲ್ಲಿಸಿದ ವರದಿಯಲ್ಲಿ, ಬೆನ್ನಿನ ಭಾರಕ್ಕಿಂತಲೂ ಅರ್ಥವಾಗದುದನ್ನು ಕಲಿಯಬೇಕಾದ ಭಾರವೇ ದೊಡ್ಡದೆಂದು ಎತ್ತಿ ತೋರಿಸಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಒಂದು ಹಾಗೂ ಎರಡನೆಯ ತರಗತಿಗೆ ಮನೆಗೆಲಸ ಕೊಡಕೂಡದೆಂದು 2018ರಲ್ಲಿ ಕೇಂದ್ರದಿಂದ ಸೂಚನೆ ಹೊರಟಿತು. ಆ ಎರಡು ತರಗತಿಗಳ ಚೀಲದ ತೂಕ 2 ಕಿಲೋ ಮೀರಬಾರದೆಂದು 2019ರಲ್ಲಿ ರಾಜ್ಯದ ಸುತ್ತೋಲೆಯೂ ಬಂತು. ಇಷ್ಟಾದರೂ ಐದನೆಯ ತರಗತಿಯ ಹತ್ತು ವರ್ಷದ ಮಕ್ಕಳಿಗೆ ರಾಜ್ಯಮಟ್ಟದ ಪರೀಕ್ಷೆ ಇರಬೇಕೇ ಬೇಡವೇ ಎಂಬ ವಾದವು 2023ರಲ್ಲಿಯೂ 2024ರಲ್ಲಿಯೂ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿ, ಕೊನೆಗೆ 2024ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಫಲಿತಾಂಶವನ್ನೇ ತಡೆಹಿಡಿಯುವಂತಾಯಿತು. ಪರೀಕ್ಷೆ ಇದೆ, ಇಲ್ಲ, ಮತ್ತೆ ಇದೆ ಎಂಬ ಆ ತೂಗಾಟದ ವಾರಗಳಲ್ಲಿ ಮಕ್ಕಳ ಮನಸ್ಸು ಹೇಗಿದ್ದೀತೆಂಬುದನ್ನು ಯಾವ ಪಕ್ಷದ ವಾದವೂ ಪೂರ್ಣವಾಗಿ ಹೇಳಲಾರದು. ಮಗುವಿನ ಕಲಿಕೆಯನ್ನು ಅಳೆಯಬಾರದೆಂದು ನಾನು ಹೇಳುವುದಿಲ್ಲ. ಅಳತೆಯು ಗುರುಗಳಿಗೆ ದಾರಿ ತೋರುವುದಕ್ಕಾಗಿ ಇರಬೇಕು, ಮಗುವಿಗೆ ತೀರ್ಪು ಕೊಡುವುದಕ್ಕಾಗಿ ಅಲ್ಲವೆಂಬುದಷ್ಟೇ ನನ್ನ ವಿನಂತಿ.

ವಯಸ್ಸಿನ ಅವಸರವನ್ನು ಕುರಿತೂ ಒಂದು ಮಾತು. ಒಂದನೆಯ ತರಗತಿಗೆ 6 ವರ್ಷ ತುಂಬಿರಬೇಕೆಂಬ ನಿಯಮ ಬಂದಾಗ ಪಾಲಕರಿಂದ ಎಷ್ಟು ಒತ್ತಾಯ ಎದ್ದಿತೆಂದರೆ, 2025-26ರ ಸಾಲಿಗೆ ಮಾತ್ರ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಬೇಕಾಯಿತು. ಒಂದು ವರ್ಷ 'ಹಾಳಾಗುವುದು' ಎಂಬುದು ಪಾಲಕರ ಆತಂಕ. ಆದರೆ ಹಲವು ದೇಶಗಳ ಅಧ್ಯಯನಗಳು ಒಂದು ವಿಚಿತ್ರ ಸಂಗತಿಯನ್ನು ಕಂಡುಕೊಂಡಿವೆ: ಒಂದೇ ತರಗತಿಯ ಮಕ್ಕಳಲ್ಲಿ ವಯಸ್ಸಿಗೆ ಕಿರಿಯರಾದವರಿಗೆ, ಹಿರಿಯರಾದವರಿಗಿಂತ ಹೆಚ್ಚಾಗಿ, ಗಮನದ ಕೊರತೆಯೆಂಬ ರೋಗದ ಹೆಸರು ಅಂಟುತ್ತದೆ. ಹತ್ತು ತಿಂಗಳ ಎಳೆತನವನ್ನು ನಾವು ರೋಗವೆಂದು ಓದುತ್ತಿದ್ದೇವೆ. ನಿಜವಾದ ತೊಂದರೆಯಿರುವ ಮಕ್ಕಳೂ ಇದ್ದಾರೆ, ಅವರನ್ನು ಅಲಕ್ಷಿಸಕೂಡದು. ಚಂಚಲತೆಯು ಮನೆ, ಶಾಲೆ ಎರಡೂ ಕಡೆ ಕಾಣುತ್ತ, ಆರು ತಿಂಗಳಿಗೂ ಮೀರಿ ಉಳಿದು, ಆಟದಲ್ಲಿಯೂ ಗೆಳೆತನದಲ್ಲಿಯೂ ಮಗುವನ್ನು ಬಾಧಿಸುತ್ತಿದ್ದರೆ, ಹರಕೆ ಹೊರುವುದರ ಜೊತೆಗೆ ವೈದ್ಯರ ಬಳಿಗೂ ಹೋಗಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ನಮಗೆ ಅರ್ಧ ದಿನದ ಹಾದಿ. ಅದರಲ್ಲಿ ನಾಚಿಕೆ ಪಡತಕ್ಕದ್ದೇನೂ ಇಲ್ಲ.

ಮನೆಯಲ್ಲಿ ಮಾಡಬಹುದಾದುದು ಬಹಳವಲ್ಲ, ಆದರೆ ನಿಯತವಾಗಿರಬೇಕು. ಪ್ರತಿ ಸಂಜೆ ಒಂದೇ ಹೊತ್ತು, ಒಂದೇ ಮೂಲೆ, ಒಂದೇ ಚಾಪೆ. ಮಗುವಿನ ದೇಹವೇ ಆ ಜಾಗವನ್ನು ಅಭ್ಯಾಸದ ಜಾಗವೆಂದು ಗುರುತಿಸಬೇಕು. ಆರೇಳು ವರ್ಷದವರಿಗೆ ಹತ್ತು ಹದಿನೈದು ನಿಮಿಷದ ಒಂದು ತುಣುಕು ಸಾಕು. ಅದಾದ ಮೇಲೆ ಎದ್ದು ಅಂಗಳದಲ್ಲಿ ಒಂದು ಸುತ್ತು ಓಡಿ ಬರಲಿ. ಆ ಹೊತ್ತಿನಲ್ಲಿ ಹಿರಿಯರ ಮೊಬೈಲು ಮಗುವಿನ ಕಣ್ಣಳತೆಯಲ್ಲಿರಕೂಡದು. ಅಪ್ಪನ ಕೈಯಲ್ಲಿ ಅದು ಬೆಳಗುತ್ತಿರುವಾಗ ಮಗುವಿಗೆ ಪುಸ್ತಕ ನೋಡೆಂದು ಹೇಳುವ ಅಧಿಕಾರ ನಮಗಿರುವುದಿಲ್ಲ. ಮನಸ್ಸು ಕಿಟಕಿಯ ಹೊರಗೆ ಹೋಯಿತೆಂದು ಕಂಡಾಗ ಗದರದೆ, "ಎಲ್ಲಿಗೆ ಬಂದಿದ್ದೆವು ತಂಗಿ, ತೋರಿಸು" ಎಂದು ಬೆರಳನ್ನು ಸಾಲಿಗೆ ತರಬೇಕು. ಮಗು ತಾನೇ ತನ್ನ ಬೆರಳನ್ನು ಸಾಲಿಗೆ ತಂದ ದಿನ, ಎಲ್ಲವನ್ನೂ ಸರಿಯಾಗಿ ಓದಿದ ದಿನಕ್ಕಿಂತ ಹೆಚ್ಚಾಗಿ ಅದನ್ನು ಮೆಚ್ಚಬೇಕು. ಶಾಲೆಯಿಂದ ಬಂದೊಡನೆ 'ಎಷ್ಟು ಬಿತ್ತು' ಎಂದು ಕೇಳುವ ಬಾಯಿ, 'ಇವತ್ತು ಏನು ತಿಳಿಯಲಿಲ್ಲ' ಎಂದು ಕೇಳುವುದನ್ನು ಕಲಿತರೆ, ತಿಳಿಯದುದನ್ನು ಬಚ್ಚಿಡಬೇಕಾದ ಶ್ರಮವು ಮಗುವಿಗೆ ತಪ್ಪುತ್ತದೆ; ಆ ಶ್ರಮದಲ್ಲಿಯೇ ಅದರ ಲಕ್ಷ್ಯದ ಅರ್ಧ ಪಾಲು ವ್ಯಯವಾಗುತ್ತಿರುತ್ತದೆ. ಆಯಿಯ ಕಥೆಯನ್ನು ಮಾತ್ರ ಯಾವ ಟ್ಯೂಷನ್ನಿಗಾಗಿಯೂ ಬಿಡಿಸಬೇಡಿರಿ. ಚಿತ್ರವಿಲ್ಲದೆ, ಬರಿಯ ದನಿಯೊಂದರಿಂದ ಕಥೆಯ ಎಳೆಯನ್ನು ಅರ್ಧ ತಾಸು ಹಿಡಿದುಕೊಂಡಿರುವುದಕ್ಕಿಂತ ಉತ್ತಮವಾದ ಅವಧಾನದ ಪಾಠವನ್ನು ನಾನು ಕಾಣೆ.

ಇನ್ನು ಮಗ್ಗದ ಸದ್ದಿಗೆ ತಿರುಗಿ ಬರುತ್ತೇನೆ. 1989ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣಾತೀರದ ರೈತರು ತಮ್ಮದೇ ವಂತಿಗೆ, ತಮ್ಮದೇ ಬೆವರಿನಿಂದ ನದಿಗೆ ಅಡ್ಡಲಾಗಿ ಬ್ಯಾರೇಜನ್ನು ಕಟ್ಟಿದರು; ಸರಕಾರ ಬರಲೆಂದು ಕಾಯಲಿಲ್ಲ. ನೀರಿಗಾಗಿ ಹಾಗೆ ಒಟ್ಟುಗೂಡಬಲ್ಲ ಜನರು ಮಕ್ಕಳ ಒಂದು ಗಂಟೆಗಾಗಿ ಒಟ್ಟುಗೂಡಲಾರರೆಂದು ನಾನು ನಂಬಲಾರೆ. ಸಂಜೆ ಏಳರಿಂದ ಎಂಟರವರೆಗೆ ಒಂದು ಓಣಿಯ ವಿದ್ಯುತ್ ಮಗ್ಗಗಳೆಲ್ಲವೂ ಏಕಕಾಲಕ್ಕೆ ನಿಲ್ಲಲಿ ಎಂಬುದು ನನ್ನ ಸೂಚನೆ. ಒಂದು ಮನೆಯದು ನಿಂತು ನೆರೆಮನೆಯದು ನಡೆದರೆ ಫಲವಿಲ್ಲ, ಆದಕಾರಣ ಇದು ಓಣಿಯ ತೀರ್ಮಾನವಾಗಬೇಕು. ಇದಕ್ಕೆ ನಷ್ಟವುಂಟು, ಸೀರೆಯ ಲೆಕ್ಕದ ಮೇಲೆ ಕೂಲಿ ಪಡೆಯುವ ನೇಕಾರನಿಗೆ ದಿನಕ್ಕೊಂದು ಗಂಟೆಯೆಂದರೆ ಅಲ್ಪವಲ್ಲ. ಆ ನಷ್ಟದಲ್ಲಿ ಮಗ್ಗದ ಮಾಲೀಕನು ಹೊರಬೇಕಾದ ಪಾಲೆಷ್ಟು, ನೇಕಾರನದೆಷ್ಟು, ಊರಿನ ಸಹಕಾರಿ ಸಂಘಗಳೂ ಮಠಗಳೂ ಕೊಡಬಹುದಾದುದೆಷ್ಟು ಎಂಬ ಲೆಕ್ಕವನ್ನು ಈ ವೇದಿಕೆಯ ಮೇಲಿನಿಂದ ನಾನೊಬ್ಬನೇ ಹಾಕಲಾರೆ. ಓಣಿಯ ಹಿರಿಯರು ಕಟ್ಟೆಯ ಮೇಲೆ ಕುಳಿತು ಅದನ್ನು ಹಾಕಬೇಕು. ಮೊದಲು ಒಂದೇ ಓಣಿಯಲ್ಲಿ, ಜೂನಿನಲ್ಲಿ ಶಾಲೆ ತೆರೆದಂದಿನಿಂದ ದಸರೆಯ ಸೂಟಿಯವರೆಗೆ ಮಾತ್ರ ನಡೆಸಿ ನೋಡಬೇಕು. ಹಾಗೆ ಕೂಡುವ ಸಭೆಗೆ ಆ ಓಣಿಯ ಕನ್ನಡ ಸಾಲೆಯ ಗುರುಗಳನ್ನೂ ಅಕ್ಕೋರನ್ನೂ ಕರೆಯಿರಿ. ಸದ್ದು ನಿಂತ ಆ ಗಂಟೆಯಲ್ಲಿ ಮಕ್ಕಳು ಏನನ್ನು ಓದಬೇಕೆಂಬುದನ್ನು ಅವರು ಹೇಳಲಿ.